ಒದೆ ಹಂಚುವ ಮರ

ಹಳೆಯ .303 ಲೀ-ಎನ್‌ಫೀಲ್ಡ್ ರೈಫಲ್ ಕಂಡವರು ನಳಿಗೆಯನ್ನು ಹೊಗಳುತ್ತಾರೆ. ನನ್ನ ಕಣ್ಣು ಹೋಗುವುದು ಹೆಗಲಿಗೆ ಆನಿಸುವ ಮರದ ಬಟ್ಟಿನ ಮೇಲೆ.

ಹನ್ನೊಂದು ಗ್ರಾಂ ಚಿಲ್ಲರೆಯ ಗುಂಡು ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ ಚಿಮ್ಮಿದರೆ ಅಷ್ಟೇ ಸಂವೇಗ ಹಿಂದಕ್ಕೂ ಬರಲೇಬೇಕು. ಉರಿದ ಮದ್ದಿನ ಅನಿಲದ ಪಾಲು ಬೇರೆ. ರೈಫಲ್ 4 ಕೆಜಿ ತೂಗುವುದರಿಂದ ಅದು ಹಿಂದೆ ಸರಿಯುವ ವೇಗ ಸೆಕೆಂಡಿಗೆ ಮೂರು ಮೀಟರಿನ ಆಸುಪಾಸು. ಗುಂಡು 3,000 ಜೂಲ್ ಶಕ್ತಿ ಹೊತ್ತೊಯ್ದರೂ ಹೆಗಲಿನ ಪಾಲಿಗೆ ಹದಿನೈದಿಪ್ಪತ್ತು ಜೂಲ್. ಸದ್ಯ, ಬದುಕಿದೆವು!

ಈ ಒದೆಯನ್ನು ಅಳಿಸಲು ಯಾವ ಬಡಗಿಗೂ ಆಗದು, ಹಂಚಬಹುದು ಅಷ್ಟೆ. ಬಟ್ಟಿನ ತುದಿಯ ಹಿತ್ತಾಳೆ ತಟ್ಟೆ ಗಡಸು, ಆದರೆ ಅಗಲ. ಇದೇ ರೈಫಲಿನ 1944ರ ರೂಪವಾದ ‘ಜಂಗಲ್ ಕಾರ್ಬೈನ್’ಗೆ ತೂಕ ಇಳಿಸಿ, ತುದಿಗೆ ರಬ್ಬರ್ ಹಾಕಿದರು. ಆ ರಬ್ಬರೋ ಕಿರಿದು. ಚೀಲದ ತೆಳು ದಾರ ಹೆಗಲು ಕೊಯ್ಯುವಂತೆ ಅದು ಇನ್ನಷ್ಟು ನೋಯಿಸಿತು.

ಬಟ್ಟು ನಳಿಗೆಯ ರೇಖೆಗಿಂತ ಕೆಳಗಿದ್ದರೆ ಒದೆಗೆ ಮೂತಿ ಮೇಲೇಳುತ್ತದೆ. ಅಮೆರಿಕದ ಎಂ-16 ರೈಫಲ್ ಎರಡನ್ನೂ ಒಂದೇ ನೇರಕ್ಕೆ ತಂದಿತು. ಆಗ ಗುರಿಗಣ್ಣನ್ನು ಎತ್ತರಕ್ಕೆ ಏರಿಸಬೇಕಾಯಿತು.

ಲೀ-ಎನ್‌ಫೀಲ್ಡ್ ಬಟ್ಟಿನಲ್ಲಿ ನನಗೆ ಬಲು ಇಷ್ಟವಾದದ್ದು ಮರಕ್ಕೆ ಒತ್ತಿದ ಅಕ್ಷರ: ‘ಎಲ್’ ಎಂದರೆ ಉದ್ದ, ‘ಎಸ್’ ಗಿಡ್ಡ, ‘ಬಿ’ ಇನ್ನೂ ಗಿಡ್ಡ. ಉದ್ದ ಕೈಯವನಿಗೆ ಗಿಡ್ಡ ಬಟ್ಟು ಸಿಕ್ಕರೆ ಅವನ ಹೆಬ್ಬೆರಳೇ ಮೂಗಿಗೆ ಬಡಿದೀತು. ಬಟ್ಟು ಬೇರೆಯದೇ ತುಂಡು. ಒಳಗಿನ ಉದ್ದ ಬೋಲ್ಟ್ ಬಿಚ್ಚಿದರೆ ಆಳಿಗೆ ತಕ್ಕದ್ದನ್ನು ಕೂರಿಸಬಹುದು.