ನಗೆಯ ಮನೆಯೂ ಕಾನೂರಿನ ಮನೆಯೂ

ಕೆಟ್ಟ ಸಂಸಾರವು ಹಾಸ್ಯಕ್ಕೆ ವಿಷಯವಾಗಬಲ್ಲುದೆ? ಆಗಬಲ್ಲುದೆಂಬುದಕ್ಕೆ 1989ರಲ್ಲಿ ಮೊದಲಾದ 'ದಿ ಸಿಂಪ್ಸನ್ಸ್' ಎಂಬ ಅಮೆರಿಕದ ಕಾರ್ಟೂನು ಮಾಲಿಕೆಯೇ ಸಾಕ್ಷಿ. ಅದರಲ್ಲಿ ತಂದೆ ಹೋಮರನು ಮದ್ಯಪ್ರಿಯ, ಅಲಸ. ಅನೇಕ ಕಂತುಗಳಲ್ಲಿ ಅವನು ಕೋಪದಿಂದ ಮಗ ಬಾರ್ಟನ ಕೊರಳನ್ನು ಹಿಸುಕುತ್ತಾನೆ, ನೋಡುವವರು ನಗುತ್ತಾರೆ.

ಈ ನಗೆಯ ಕಾರಣವನ್ನು ಭರತಮುನಿಯ ಮತದಿಂದ ತಿಳಿಯಬಹುದು. ಶೃಂಗಾರದ ಅನುಕರಣದಿಂದ ಹಾಸ್ಯವೂ ರೌದ್ರದ ಕರ್ಮದಿಂದ ಕರುಣವೂ ಹುಟ್ಟುವುವೆಂದು ನಾಟ್ಯಶಾಸ್ತ್ರದ 6ನೆಯ ಅಧ್ಯಾಯವು ಹೇಳುತ್ತದೆ. ಹೋಮರನ ರೌದ್ರಕ್ಕಾದರೋ ಫಲವೇ ಇಲ್ಲ. ಮುಂದಿನ ಕಂತಿನಲ್ಲಿ ಬಾರ್ಟನಿಗೆ ನೋವಿಲ್ಲ. ಅವನ ವಯಸ್ಸೂ 10ನ್ನು ದಾಟದು. ಫಲವಿಲ್ಲದೆಡೆ ಕರುಣವೆಲ್ಲಿಯದು?

ಇದನ್ನು ನಮ್ಮ ನೆಲದ ಕೃತಿಯೊಂದರೊಡನೆ ಹೋಲಿಸಿ ನೋಡೋಣ. ಕೊಪ್ಪದ ಸೀಮೆಯ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪುರವರ 'ಕಾನೂರು ಹೆಗ್ಗಡಿತಿ' (1936) ಕಾದಂಬರಿಯ ಚಂದ್ರಯ್ಯಗೌಡನಲ್ಲಿಯೂ ಪ್ರಹಸನಕ್ಕೆ ತಕ್ಕ ಸಾಮಗ್ರಿಯುಂಟು: ಪ್ರಾಯ ಸಂದಮೇಲೆ ಮೂರನೆಯ ಮದುವೆ, ಶಂಕೆ, ಅಬ್ಬರ. ಆದರೆ ಅಲ್ಲಿ ಕೋಪವು ಫಲಿಸುತ್ತದೆ. ಮನೆ ಪಾಲಾಗುತ್ತದೆ, ಅಣ್ಣನ ಮಗ ಹೂವಯ್ಯನು ಕೆಳಕಾನೂರಿಗೆ ತೆರಳುತ್ತಾನೆ, ಎಳೆಯ ಹೆಂಡತಿ ಸುಬ್ಬಮ್ಮನ ಬಾಳು ಅಕಾಲಮರಣದಲ್ಲಿ ಮುಗಿಯುತ್ತದೆ.

ಕಾರ್ಟೂನು ಸಮಾಜದ ರೋಗವನ್ನು ತೋರಿಸದೆಂಬುದು ನಮ್ಮ ಆಕ್ಷೇಪವಲ್ಲ, ಚೆನ್ನಾಗಿಯೇ ತೋರಿಸುತ್ತದೆ. ಅದಕ್ಕೆ ಬೆಲೆ ತೆತ್ತವರಾರೆಂಬುದನ್ನು ಮಾತ್ರ ಮರೆಯಿಸುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಕ್ಕಳೂ ಈಗ ಇಂಥ ಮಾಲಿಕೆಗಳನ್ನು ನೋಡುತ್ತಾರೆ. ಅವರನ್ನು ನಗಬೇಡಿರೆಂದು ತಡೆಯುವುದು ಅಧ್ಯಾಪಕರ ಕೆಲಸವಲ್ಲ. ಎರಡು ಮನೆಗಳನ್ನೂ ಎದುರುಬದುರಿಟ್ಟು, 'ಮರುದಿನ ಆ ಮನೆಯಲ್ಲಿ ಏನಾಯಿತು?' ಎಂದು ಕೇಳಿದರೆ ಸಾಕು. ರಸವಿವೇಕವು ಅಲ್ಲಿಂದಲೇ ಮೊದಲಾಗುವುದು.