ಲಕ್ಷ್ಮೀಶನ ಸೀತೆಯೂ ವೇದನೆಯ ಮಾನವೂ

ಜೈಮಿನಿಭಾರತದ ಕರ್ತೃವಾದ ಲಕ್ಷ್ಮೀಶನ ದೇವಪುರವು ಕಡೂರು ಸೀಮೆಯ ದೇವನೂರೆಂದು ಹಲವರೂ, ಈಗಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರ ಪ್ರಾಂತದ್ದೆಂದು ಕೆಲವರೂ ವಾದಿಸಿರುವರು. ಸುರ, ದೇವ ಎಂಬ ಶಬ್ದಗಳ ಸಮಾನಾರ್ಥತೆಯೊಂದರಿಂದಲೇ ಈ ವಿವಾದವು ತೀರತಕ್ಕುದಲ್ಲ. ಕವಿಯ ಊರಿಗಾಗಿ ವ್ಯಯವಾದ ಶ್ರಮದಲ್ಲಿ ಒಂದಂಶವಾದರೂ ಆತನ ಸೀತಾಪರಿತ್ಯಾಗ ಪ್ರಕರಣದ ರಸವಿವೇಚನೆಗೆ ಸಲ್ಲಬೇಕಾಗಿದ್ದಿತು. ಅದನ್ನು ಪಾಠಹೇಳುವವರು ಸೀತೆಯ ನಡುಕವನ್ನೂ ಮೂರ್ಛೆಯನ್ನೂ ಎಂಟು ಸಾತ್ತ್ವಿಕಭಾವಗಳ ಪಟ್ಟಿಗೆ ಸೇರಿಸಿ, ಚಿಹ್ನೆಗಳು ಹೆಚ್ಚಿದಷ್ಟೂ ದುಃಖವು ಹೆಚ್ಚೆಂದು ಗಣಿಸಿಬಿಡುವುದುಂಟು.

ಇಂತಹ ಗಣನೆಯು ಶರೀರಶಾಸ್ತ್ರದಲ್ಲಿಯೂ ಇದೆ. ಬೆವರಿನಿಂದ ಚರ್ಮದ ವಿದ್ಯುದ್ವಾಹಕತೆಯಲ್ಲಾಗುವ ಏರಿಳಿತ, ನಾಡಿಯ ಗತಿ, ಕಣ್ಣಪಾಪೆಯ ವಿಸ್ತಾರ, ಇವುಗಳನ್ನು ಯಂತ್ರಗಳಿಂದ ಅಳೆದು ನೋವಿನ ಪ್ರಮಾಣವನ್ನು ಗೊತ್ತುಪಡಿಸಲು ಯತ್ನಗಳು ನಡೆದಿವೆ. ಆದರೆ ಅರಿವಳಿಕೆಗೆ ಒಳಗಾದ ರೋಗಿಯ ನಾಡಿಯೂ ಶಸ್ತ್ರ ತಗುಲಿದಾಗ ಏರಬಹುದು. ಅವನಿಗಾದರೋ ನೋವಿನ ಅನುಭವವಿಲ್ಲ. ಅಂತರರಾಷ್ಟ್ರೀಯ ವೇದನಾಧ್ಯಯನ ಸಂಘವು 2020ರಲ್ಲಿ ಪರಿಷ್ಕರಿಸಿದ ಲಕ್ಷಣದ ವಿವರಣೆಯಲ್ಲಿ, ನರಗಳ ವ್ಯಾಪಾರವೊಂದರಿಂದಲೇ ವೇದನೆಯನ್ನು ಊಹಿಸಲಾಗದೆಂದು ಹೇಳಿದೆ. ಭರತನ ನಾಟ್ಯಶಾಸ್ತ್ರವೂ ಈ ಎಚ್ಚರಿಕೆಯನ್ನು ಬಿಟ್ಟಿಲ್ಲ. ಕಣ್ಣೀರಿಗೆ ಶೋಕದೊಡನೆ ಆನಂದವನ್ನೂ, ಹೊಗೆಯನ್ನೂ, ಕಣ್ಣಿಗಿಟ್ಟ ಅಂಜನವನ್ನೂ ಅದು ಕಾರಣವಾಗಿ ಎಣಿಸುತ್ತದೆ. ವಿಭಾವವನ್ನು ತಿಳಿಯದೆ ಅನುಭಾವವನ್ನಳೆಯುವವನಿಗೆ ಹೊಗೆಯೂ ಶೋಕವೂ ಒಂದೇ!

ರಘುವಂಶದ 14ನೆಯ ಸರ್ಗದಲ್ಲಿ ಕಾಳಿದಾಸನು ಇದನ್ನು ಬಲು ಸೂಕ್ಷ್ಮವಾಗಿ ಕಂಡಿರುವನು. ಅಲ್ಲಿ ಮೂರ್ಛೆಹೋದ ಸೀತೆಗೆ ದುಃಖವೇ ತಿಳಿಯದು. ಲಕ್ಷ್ಮಣನ ಯತ್ನದಿಂದ ಬಂದ ಎಚ್ಚರವೇ ಮೂರ್ಛೆಗಿಂತ ಕಷ್ಟತರವಾಗುತ್ತದೆ. ಸಾತ್ತ್ವಿಕಗಳಲ್ಲಿ ಕಡೆಯದಾದ ಪ್ರಲಯವು ಶರೀರದಲ್ಲಿ ತೋರಿದ ಗಳಿಗೆಯಲ್ಲಿಯೇ ವೇದನೆಯು ಇಲ್ಲವಾಗಿದೆ.

ಲಕ್ಷ್ಮೀಶನು ಬೇರೊಂದು ದಾರಿಯನ್ನು ಹಿಡಿದನು. ಮೈದುನನ ಮಾತನ್ನು ಕೇಳಿದ ಸೀತೆಯು ಆತನ ಕಾವ್ಯದಲ್ಲಿ, ಬಿರುಗಾಳಿಗೆ ನಡುಗಿ ಮುರಿದೊರಗುವ ಹಣ್ಣುಗೊಂಡ ಬಾಳೆಯಂತೆ ನೆಲಕ್ಕುರುಳುತ್ತಾಳೆ. ನಡುಕವು ವೇಪಥು, ಉರುಳುವಿಕೆಯು ಪ್ರಲಯ; ಇಷ್ಟನ್ನು ಯಾವ ಕವಿಯಾದರೂ ಹೇಳಿಯಾನು. ಆ ಬಾಳೆಯು ಹಣ್ಣುಗೊಂಡಿದ್ದಿತೆಂಬುದೇ ಇಲ್ಲಿಯ ವಿಶೇಷ. ಸೀತೆಯು ಗರ್ಭಿಣಿ, ಬಾಳೆಯಾದರೋ ಒಮ್ಮೆ ಫಲಕೊಟ್ಟು ಮುಗಿಯುವ ಗಿಡ. ಒಂದು ವಿಶೇಷಣದಲ್ಲಿ ವಿಭಾವವೆಲ್ಲವೂ ಅಡಗಿದೆ. ಅದನ್ನು ತೆಗೆದರೆ ಉಳಿಯುವುದು ಹೆದರಿದ ಯಾವ ಹೆಣ್ಣಿಗಾದರೂ ಒಪ್ಪುವ ಕಂಪನ ಮಾತ್ರ.

ಅನಂತರ ಕವಿಯು ಸೀತೆಯ ಮೈಯನ್ನು ವರ್ಣಿಸುತ್ತ ನಿಲ್ಲದೆ ಲಕ್ಷ್ಮಣನ ಕೈಗಳನ್ನು ತೋರಿಸುತ್ತಾನೆ. ಎಲೆಯನ್ನು ಕೊಡೆಯಾಗಿ ಹಿಡಿದು, ತಣ್ಣೀರನ್ನು ತಳಿದು, ಸೆರಗಿನಿಂದ ಗಾಳಿ ಬೀಸುತ್ತ, ಅಣ್ಣನ ಸೇವೆಯು ತನಗೆ ಇಲ್ಲಿಗೆ ಸಂದಿತೇ ಎಂದು ಆತನು ಅಳುತ್ತಾನೆ. ಆಕೆಗೆ ಎಚ್ಚರ ಬಂದೊಡನೆ ತಾನು ಬಿಟ್ಟುಹೋಗಬೇಕಾದವನೆಂಬುದನ್ನು ಬಲ್ಲವನ ಉಪಚಾರವಿದು. ಮುಂದೆ ಅಡವಿಯ ಪ್ರಾಣಿಪಕ್ಷಿಗಳೂ ಶಿಲೆತರುಗಳೂ ಮರುಗುವ ಭಾಗವು ಹೆಚ್ಚು ಪ್ರಸಿದ್ಧವಾದರೂ ಇದಕ್ಕೆ ಸಮನಲ್ಲ. ನವಿಲುಗಳು ನರ್ತನವನ್ನೂ ಹುಲ್ಲೆಗಳು ದರ್ಭೆಯನ್ನೂ ಬಿಡುವ ಕಾಳಿದಾಸನ ಕಾಡು ಅದಕ್ಕೆ ಮೊದಲೇ ಇದ್ದಿತು, ಎಲೆಗೊಡೆಯನ್ನು ಹಿಡಿದ ಈ ಲಕ್ಷ್ಮಣನು ಅಲ್ಲಿಲ್ಲ.