ಪರದೆಯ ಆಚೆ ಕೇಟ್

ಹಾಸ್ಟೆಲಿನ ಕೋಣೆಯಲ್ಲಿ ‘45 ಇಯರ್ಸ್’ (2015) ನೋಡಿ ಮುಗಿಸಿದಾಗ ಗೆಳೆಯನೊಬ್ಬ ಕೇಳಿದ: ‘ಮದುವೆಗೂ ಮುಂಚಿನ ಕತೆಗೆ ಈ ಹೆಂಗಸು ಇಷ್ಟೊಂದು ಯಾಕೆ ಕೊರಗಬೇಕು?’ ಆಗ ನನ್ನ ಹತ್ತಿರ ಉತ್ತರವಿರಲಿಲ್ಲ. ಚಿತ್ರವನ್ನು ಮತ್ತೆರಡು ಸಲ ನೋಡಿದ್ದು ಈ ಪ್ರಶ್ನೆಯ ದೆಸೆಯಿಂದಲೇ.

ಡೇವಿಡ್ ಕಾನ್‌ಸ್ಟಂಟೈನ್ ಅವರ ಸಣ್ಣಕತೆಯೊಂದನ್ನು ಆಧರಿಸಿ ಆಂಡ್ರ್ಯೂ ಹೇ ನಿರ್ದೇಶಿಸಿದ ಚಿತ್ರವಿದು. ಇಂಗ್ಲೆಂಡಿನ ನಾರ್ಫೋಕ್‌ನ ಹಳ್ಳಿಗಾಡಿನಲ್ಲಿ ಕೇಟ್ (ಷಾರ್ಲಟ್ ರಾಂಪ್ಲಿಂಗ್) ಮತ್ತು ಜೆಫ್ (ಟಾಮ್ ಕೋರ್ಟ್ನಿ) ನಿವೃತ್ತ ಬದುಕು ನಡೆಸಿದ್ದಾರೆ. ಮಕ್ಕಳಿಲ್ಲ, ನಾಯಿಯೊಂದಿದೆ. ಶನಿವಾರ ಮದುವೆಯ 45ನೇ ವಾರ್ಷಿಕೋತ್ಸವದ ಔತಣ. 40ನೆಯದು ಜೆಫ್‌ನ ಹೃದಯದ ಶಸ್ತ್ರಚಿಕಿತ್ಸೆಯಿಂದಾಗಿ ತಪ್ಪಿಹೋಗಿತ್ತು. ಆ ವಾರದ ಸೋಮವಾರವೇ ಕಾಗದವೊಂದು ಬರುತ್ತದೆ. ಸುಮಾರು 50 ವರ್ಷಗಳ ಹಿಂದೆ ಸ್ವಿಟ್ಜರ್ಲೆಂಡಿನ ಹಿಮನದಿಯ ಬಿರುಕಿಗೆ ಬಿದ್ದು ಸತ್ತ ಜೆಫ್‌ನ ಪ್ರೇಯಸಿ ಕಾಟ್ಯಾಳ ದೇಹ ಪತ್ತೆಯಾಗಿದೆ. (ಕೇಟ್, ಕಾಟ್ಯಾ: ಹೆಸರುಗಳ ಈ ಹೋಲಿಕೆ ತುಸು ಅತಿಯಾಯಿತು ಅನ್ನಿಸಿದ್ದು ನಿಜ.)

ಇದನ್ನು ಈರ್ಷ್ಯೆಯ ಕತೆ ಎಂದು ಓದುವುದು ಸುಲಭ. ‘ಅವಳು ಸಾಯದಿದ್ದರೆ ಮದುವೆಯಾಗುತ್ತಿದ್ದೆಯಾ?’ ಎಂಬ ಕೇಟ್‌ಳ ಪ್ರಶ್ನೆಗೆ ಜೆಫ್ ಹೌದೆನ್ನುತ್ತಾನೆ. ಆ ಉತ್ತರ ಅವಳನ್ನು ನೋಯಿಸುತ್ತದೆ, ಆದರೆ ಮುರಿಯುವುದಿಲ್ಲ. ಮುರಿಯುವುದು ಅಟ್ಟದ ಮೇಲೆ.

ಗಂಡ ಇಲ್ಲದ ಹೊತ್ತಿನಲ್ಲಿ ಕೇಟ್ ಅಟ್ಟ ಹತ್ತಿ ಹಳೆಯ ಸ್ಲೈಡುಗಳನ್ನು ಬಿಳಿ ಬಟ್ಟೆಯ ಮೇಲೆ ಒಂದೊಂದಾಗಿ ಹಾಯಿಸುತ್ತಾಳೆ. ಕ್ಯಾಮೆರಾ ಬಟ್ಟೆಯ ಈಚೆ ಇದೆ. ಹಾಗಾಗಿ ಒಂದು ಬದಿಗೆ ಕಾಟ್ಯಾಳ ಚಿತ್ರ, ಇನ್ನೊಂದು ಬದಿಗೆ ಅದನ್ನು ನೋಡುತ್ತಿರುವ ಕೇಟ್‌ಳ ಮುಖ, ಎರಡೂ ಒಟ್ಟಿಗೇ ಕಾಣುತ್ತವೆ. ಸಂಗೀತವಿಲ್ಲ, ಮಾತಿಲ್ಲ, ಯಂತ್ರದ ಟಕಟಕ ಮಾತ್ರ. ಒಂದು ಸ್ಲೈಡಿನಲ್ಲಿ ಕಾಟ್ಯಾಳ ಕೈ ಹೊಟ್ಟೆಯ ಮೇಲಿದೆ. ಅವಳು ಬಸುರಿ. ಚಿತ್ರ ಶುರುವಾಗುವಾಗ ಕಪ್ಪು ಪರದೆಯ ಮೇಲೆ ಹೆಸರುಗಳು ಬರುತ್ತಿರುವಾಗಲೇ ಇದೇ ಟಕಟಕ ಕೇಳಿಸಿತ್ತೆಂಬುದು ಎರಡನೇ ಸಲ ನೋಡುವಾಗಲಷ್ಟೇ ನನಗೆ ಹೊಳೆಯಿತು.

ಗೆಳೆಯನಿಗೆ ಈಗ ಹೇಳಬಹುದಾದ್ದು ಇಷ್ಟು. ಕೇಟ್ ಕೊರಗುವುದು ಗಂಡನ ಹಳೆಯ ಪ್ರೀತಿಗಲ್ಲ. ಮಕ್ಕಳಿಲ್ಲದಿರುವುದು ತಮ್ಮಿಬ್ಬರ ಕತೆ ಎಂದುಕೊಂಡಿದ್ದಳು. ಅದರ ಹಿಂದೆ ಅವಳಿಗೆ ಗೊತ್ತಿಲ್ಲದ ಇನ್ನೊಂದು ಕತೆಯಿತ್ತು, ಅದೂ ಅವಳ ತಲೆಯ ಮೇಲಿನ ಅಟ್ಟದಲ್ಲೇ. ಇಷ್ಟು ವರ್ಷದ ಮೌನಗಳಿಗೆ ತಾನು ಕೊಟ್ಟುಕೊಂಡ ಅರ್ಥಗಳನ್ನೆಲ್ಲ ಅವಳೀಗ ಮತ್ತೆ ಮೊದಲಿನಿಂದ ಓದಬೇಕು. ಜೆಫ್‌ನನ್ನು ನಿರ್ದೇಶಕ ಖಳನಾಗಿಸದಿರುವುದು ಇದನ್ನು ಇನ್ನಷ್ಟು ಕಷ್ಟವಾಗಿಸುತ್ತದೆ. ಬೈದು ಹಗುರಾಗುವ ದಾರಿಯೂ ಅವಳಿಗಿಲ್ಲ.

ಬರ್ಲಿನ್ ಉತ್ಸವದಲ್ಲಿ ಇಬ್ಬರು ನಟರಿಗೂ ಬೆಳ್ಳಿ ಕರಡಿ ಸಿಕ್ಕಿತು. ರಾಂಪ್ಲಿಂಗ್‌ಗೆ ಏಕೆ ಸಿಕ್ಕಿತೆಂಬುದಕ್ಕೆ ಕೊನೆಯ ಒಂದು ನಿಮಿಷ ಸಾಕು. ಔತಣದಲ್ಲಿ ಜೆಫ್ ಅಳುತ್ತ ಭಾಷಣ ಮಾಡುತ್ತಾನೆ. ಮದುವೆಯ ದಿನ ಕುಣಿದಿದ್ದ ಹಾಡಿಗೇ ಇಬ್ಬರೂ ಮತ್ತೆ ಕುಣಿಯುತ್ತಾರೆ. ಹಾಡು ಮುಗಿಯುವಾಗ ಅವನು ಗೆದ್ದವನಂತೆ ಇಬ್ಬರ ಕೈಯನ್ನೂ ಮೇಲೆತ್ತುತ್ತಾನೆ. ಅವಳು ತನ್ನ ಕೈಯನ್ನು ಕೆಳಗೆ ಕಿತ್ತುಕೊಳ್ಳುತ್ತಾಳೆ. ಸುತ್ತಲಿನವರು ಕುಣಿಯುತ್ತಲೇ ಇದ್ದಾರೆ, ಯಾರೂ ಅದನ್ನು ಗಮನಿಸಿದಂತಿಲ್ಲ.